ದಪ್ಪ ತಂತಿ ಕೂರುವ ಜಾಗ

ಹವಾನಾ
9 ಮಾರ್ಚ್ 1998

ಒದಾಲಿಸ್,

ರಾತ್ರಿ ಮೂರು ಗಂಟೆ. ಕೆಳಮನೆ ಸೊರಾಯ್ದಾ ಇಡೀ ಕಟ್ಟಡಕ್ಕೆ ನೀರೆತ್ತುವ ಮೋಟರು ಹಾಕಿದ ಸದ್ದಿಗೆ ಎಚ್ಚರವಾಯಿತು. ಆ ಗುರುಗುಟ್ಟುವಿಕೆ ನಿನಗೂ ಗೊತ್ತು. ನನ್ನ ಬೇಸ್ ಗಿಟಾರಿನ ಐದನೆಯ ತಂತಿ, ಎಲ್ಲಕ್ಕಿಂತ ದಪ್ಪನೆಯದು, ಬೆರಳಿಡದೆ ಮೀಟಿದರೆ ಹೊರಡುವ ಸ್ವರ. ಮೊದಲೆಲ್ಲ ಮೋಟರು ಹೊರಟ ಕೂಡಲೇ ಗೋಡೆಗೆ ನೇತುಹಾಕಿದ್ದ ಗಿಟಾರಿನ ಆ ತಂತಿ ಯಾರೂ ಮುಟ್ಟದೆ ತಾನೇ ಮಿಡಿಯುತ್ತಿತ್ತು. ಈಗ ನಿದ್ದೆಗಣ್ಣಲ್ಲಿ ಅದನ್ನು ಸುಮ್ಮನಾಗಿಸೋಣ ಎಂದು ಕೈ ಚಾಚಿದೆ. ಮೊಳೆ ಸಿಕ್ಕಿತು. ಗಿಟಾರು ನವೆಂಬರಿನಿಂದ ಕಾನ್ಕುನ್‌ನಲ್ಲಿ ಹೋಟೆಲಿನಲ್ಲಿ ಹಾಡುವ ನಮ್ಮ ತಂಡದ ಜೊತೆ ಇದೆ, ನಾನೇ ಪೆಟ್ಟಿಗೆಯಲ್ಲಿ ಮಲಗಿಸಿ ಕೊಟ್ಟೆ. ಕೈಗೆ ಮಾತ್ರ ಇನ್ನೂ ಗೊತ್ತಾಗಿಲ್ಲ.

ಮೋಟರಿಗೆ ಲಿಸಾಂದ್ರಾಳೂ ಎದ್ದಳು. ಹಾಲು ಕುಡಿಸಿ ಮಲಗಿಸಿದೆ. ಇನ್ನು ನನಗೆ ನಿದ್ದೆಯಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ.

"ಇಲ್ಲಿ ಅಂಗಡಿಯ ಒಂದು ಗೋಡೆ ಪೂರ್ತಿ ತಂತಿಗಳೇ ಕಣೇ, ಯಾವುದು ತಗೊಳ್ಳಲಿ?" ಎಂದು ಕೇಳಿದ್ದೀಯ. ಓದಿ ನಗು ಬಂತು. ಆಮೇಲೆ ನಗು ನಿಂತಿತು. ಆ ಗಿಟಾರು ಹಿಡಿದ ದಿನದಿಂದ ನಾನು ತಂತಿ ಆರಿಸಿದವಳೇ ಅಲ್ಲ, ಸಿಕ್ಕಿದ್ದನ್ನು ಹಾಕಿದವಳು. ಸತ್ತ ತಂತಿಯನ್ನು ವಿನೆಗರ್ ಬೆರೆಸಿದ ನೀರಲ್ಲಿ ಕುದಿಸಿ, ಒರೆಸಿ, ಬಿಸಿಲಿಗೆ ಹಾಕಿ, ಮತ್ತೆ ಅದನ್ನೇ ಬಿಗಿದವಳು. ಈ ಊರಿನಲ್ಲಿ ಬೇಸ್ ನುಡಿಸುವವರ ಮನೆಯಲ್ಲೆಲ್ಲ ಒಂದು ಪಾತ್ರೆ ತಂತಿ ಕುದಿಸಲೆಂದೇ ಇರುತ್ತದೆ. ಆರಿಸುವ ಭಾಗ್ಯ ನಿನಗೆ ಬಂದಿದೆ, ಆರಿಸಲು ಬರುವುದು ನನಗೆ. ಇರಲಿ.

ಉಕ್ಕಿನದು ಬೇಡ. ಹೊಸದರಲ್ಲಿ ಗಾಜು ಒಡೆದ ಹಾಗೆ ಠಣ್ ಎನ್ನುತ್ತದೆ, ನನ್ನ ಜಾಗದಲ್ಲಿ ನುಡಿಸುವ ದಯಾಮಿಗೆ ಹಿಡಿಸೀತು. ಆದರೆ ಗಿಟಾರಿನ ಕೊರಳ ಮೇಲಿನ ಲೋಹದ ಮೆಟ್ಟಿಲುಗಳನ್ನು ತಿಂದುಹಾಕುತ್ತದೆ, ಮತ್ತು ಆ ಮೆಟ್ಟಿಲುಗಳ ಮೇಲೆ ಇನ್ನು ಇಪ್ಪತ್ತು ವರ್ಷ ನಾನು ನಡೆಯಬೇಕು. ನಯವಾದ ಪಟ್ಟಿ ಸುತ್ತಿದ್ದೂ ಬೇಡ. ಅದು ಅಪ್ಪನ ಕಾಲದ ಹಾಡಿಗೆ ಚೆಂದ, ನಮ್ಮ ಹೊಡೆತಕ್ಕೆ ಮಂಕು. ನಿಕ್ಕಲ್ ಸುತ್ತಿದ್ದು ತಗೋ. ಐದೂ ಒಂದೇ ಪೊಟ್ಟಣದವಾಗಿರಲಿ. ದಪ್ಪದ್ದನ್ನು ಬಿಡಿಯಾಗಿ ಕೊಂಡರೆ ಅದು ಮದುವೆಮನೆಗೆ ಬಂದ ಪೊಲೀಸಿನವನ ಹಾಗೆ ಒಂಟಿಯಾಗಿ ನಿಲ್ಲುತ್ತದೆ. ಪೊಟ್ಟಣದ ಮೇಲೆ ನೂರಮೂವತ್ತು ಎಂಬ ಅಂಕಿ ಇದೆಯೇ ನೋಡು. ಅದಕ್ಕಿಂತ ತೆಳುವಾದರೆ ಒದ್ದೆ ಬಟ್ಟೆ ಹೊತ್ತ ಹಗ್ಗದಂತೆ ಜೋಲುತ್ತದೆ. ಗಿಟಾರಿನ ಕೊರಳು ಉದ್ದ ಎಂದು ಅಂಗಡಿಯವನಿಗೆ ಮೊದಲೇ ಹೇಳು.

ಕೊನೆಯದು, ಮುಖ್ಯವಾದದ್ದು. ದಪ್ಪ ತಂತಿಯನ್ನು ಬಿರಡೆಗೆ ಹಾಕುವಾಗ ಮೊದಲು ಬಗ್ಗಿಸಬೇಕು, ಆಮೇಲೆ ಕತ್ತರಿಸಬೇಕು. ನೇರ ಇದ್ದಾಗಲೇ ಕತ್ತರಿಸಿದರೆ ಒಳಗಿನ ಎಳೆಯ ಮೇಲಿನ ಸುತ್ತು ಸಡಿಲಾಗಿ, ನುಡಿಯುವ ಮೊದಲೇ ತಂತಿ ಸಾಯುತ್ತದೆ.

ಇದನ್ನು ದಯಾಮಿಗೆ ಓದಿ ಹೇಳು. ಸೆಪ್ಟೆಂಬರಿನಲ್ಲಿ ಮಗುವಿಗೆ ವರ್ಷ ತುಂಬುತ್ತದೆ, ನಾನು ಬರುತ್ತೇನೆ, ಅವಳು ಊರಿಗೆ ಹೊರಡುತ್ತಾಳೆ. ಇದು ತಾನೇ ನಮ್ಮ ಮಾತು? ಅಲ್ಲಿಯವರೆಗೆ ನನ್ನ ಗಿಟಾರು ಅವಳ ಕೈಯಲ್ಲಿರುತ್ತದೆ, ಅಷ್ಟೇ.

ನಿನ್ನ,
ಇದಾನಿಯಾ


ಕಾನ್ಕುನ್
21 ಏಪ್ರಿಲ್ 1998

ಇದಾ, ನನ್ನ ಬಂಗಾರ,

ನೀನು ಹೇಳಿದ್ದೇ ತಂದೆ: ನಿಕ್ಕಲ್, ಐದರ ಪೊಟ್ಟಣ, ನೂರಮೂವತ್ತು. ಅಂಗಡಿಯವನು "ಯಾರಮ್ಮ ನಿಮಗೆ ಹೇಳಿಕೊಟ್ಟವರು?" ಅಂದ. "ನಮ್ಮ ಬೇಸ್‌ನವಳು" ಅಂದೆ. ನೋಡು, ಹಾಗೇ ಅಂದೆ.

ಈಗ ಬೈಯಬೇಡ. ನಿನ್ನ ಪತ್ರ ದಯಾಮಿಗೆ ಓದಲು ನಾನು ಕೂರುವಷ್ಟರಲ್ಲಿ ಆ ಹುಡುಗಿ ದಪ್ಪ ತಂತಿಯನ್ನು ಕಟ್ ಅಂತ ಕತ್ತರಿಸಿಬಿಟ್ಟಿದ್ದಳು. ಬಗ್ಗಿಸಿರಲಿಲ್ಲ. ಹಾಸಿಗೆಗೆ ಕೋಲಿನಿಂದ ಹೊಡೆದ ಹಾಗೆ ಕೇಳುತ್ತಿತ್ತು. ಅವಳು ಅತ್ತಳು. ಆಮೇಲೆ ನಾವು ಏನು ಮಾಡಿದೆವು ಗೊತ್ತಾ? ಎರಡು ಬೀದಿ ಆಚೆ ಗೋಡೆ ತುಂಬ ತಂತಿ ಇರುವ ಅಂಗಡಿ ಇದೆ ಅನ್ನುವುದನ್ನೇ ಮರೆತು, ಹೋಟೆಲಿನ ಅಡುಗೆಮನೆಗೆ ಹೋಗಿ ಅದನ್ನು ಕುದಿಸಿದೆವು! ಹೊಚ್ಚ ಹೊಸ ತಂತಿ! ಅಡುಗೆಯವನು ಇಣುಕಿ, "ಇದು ಯಾವ ಸೂಪು ಅಮ್ಮಣ್ಣಿ?" ಅಂದ. "ನಮ್ಮೂರ ಶಾವಿಗೆ, ಹಲ್ಲು ಗಟ್ಟಿ ಇದ್ದವರಿಗೆ ಮಾತ್ರ" ಅಂದೆ. ನಕ್ಕು ನಕ್ಕು ಕೂತುಬಿಟ್ಟೆವು. ಆಮೇಲೆ ದಯಾಮಿ "ಅಕ್ಕಾ, ಕುದಿಸಿದರೆ ಸತ್ತದ್ದು ಏಳತ್ತಾ?" ಅಂದಳು. ಏಳಲಿಲ್ಲ. ಮರುದಿನ ಇನ್ನೊಂದು ಪೊಟ್ಟಣ ತಂದೆ.

ನಿನಗೆ ಹೇಳದಿದ್ದರೆ ಯಾರಿಗೆ ಹೇಳಲಿ: ಇಲ್ಲಿನ ಮ್ಯಾನೇಜರನಿಗೆ ನಿನ್ನ ಐದನೆಯ ತಂತಿ ಕಂಡರೆ ಆಗುವುದಿಲ್ಲ. ಅದು ಹೊರಟರೆ ಊಟದ ಮೇಜುಗಳ ಮೇಲಿನ ಚಮಚಗಳೆಲ್ಲ ಕಿಣಿಕಿಣಿ ಅನ್ನುತ್ತವಂತೆ. ಮೊನ್ನೆ ಕೆನಡಾದ ಅಜ್ಜಿಯೊಬ್ಬಳು ಎದೆ ಹಿಡಿದುಕೊಂಡು ಡಾಕ್ಟರನ್ನು ಕರೆಸಿ ಅಂದಳು. ಇಲ್ಲಿಯವರು ಕುಣಿಯಲು ಬರುವುದಿಲ್ಲ ಇದಾ, ಮೀನು ತಿನ್ನಲು ಬರುತ್ತಾರೆ. ಒಂದು ಮಾತಿಗೆ ಕೇಳುತ್ತೇನೆ. ದಪ್ಪದ್ದನ್ನು ತೆಗೆದು, ಇನ್ನೊಂದು ತುದಿಗೆ ತೆಳ್ಳನೆಯದೊಂದು ಹಾಕಿದರೆ ಏನಾಗುತ್ತದೆ? ದಯಾಮಿಗೆ ಮೇಲಿನ ಸ್ವರಗಳಲ್ಲಿ ಕೈ ಚೆನ್ನಾಗಿ ಓಡುತ್ತದೆ. ಸುಮ್ಮನೆ ಕೇಳಿದ್ದು.

ಮಗುವಿಗೆ ಎರಡು ಅಂಗಿ ಕಳಿಸಿದ್ದೇನೆ. ಹಳದಿಯದು ದಯಾಮಿ ಆರಿಸಿದ್ದು.

ಮುತ್ತುಗಳೊಂದಿಗೆ,
ಒದಾಲಿಸ್


ಹವಾನಾ
30 ಮೇ 1998

ಒದಾಲಿಸ್,

ಅಂಗಿ ಮುಟ್ಟಿದವು. ಹಳದಿಯದು ಚಿಕ್ಕದಾಯಿತು.

ನೀನು ಸುಮ್ಮನೆ ಏನನ್ನೂ ಕೇಳುವವಳಲ್ಲ. ಸಂಗೀತ ಶಾಲೆಯ ಮೊದಲ ದಿನ "ಸುಮ್ಮನೆ ಕೇಳಿದೆ, ನಿನ್ನ ಬ್ರೆಡ್ಡು ಪೂರ್ತಿ ತಿಂತೀಯಾ?" ಅಂದವಳು ನೀನು. ಆದ್ದರಿಂದ ಸರಿಯಾಗಿ ಉತ್ತರ ಕೊಡುತ್ತೇನೆ.

ದಪ್ಪ ತಂತಿ ತೆಗೆದರೆ ಉಳಿದ ನಾಲ್ಕೂ ಒಂದೊಂದು ಮನೆ ಪಕ್ಕಕ್ಕೆ ಸರಿಯಬೇಕು. ಕೊರಳಿನ ತುದಿಯಲ್ಲಿ ತಂತಿಗಳು ಕೂರುವ ಮೂಳೆಯ ಪಟ್ಟಿ ಇದೆಯಲ್ಲ, ಅದರಲ್ಲಿ ಒಂದೊಂದು ತಂತಿಗೂ ಅದರದೇ ಅಳತೆಯ ಕಚ್ಚು ಕೊರೆದಿದೆ. ದಪ್ಪದ್ದರ ಕಚ್ಚಿನಲ್ಲಿ ತೆಳ್ಳನೆಯದು ಕೂತರೆ ದೊಡ್ಡವರ ಚಪ್ಪಲಿ ಹಾಕಿಕೊಂಡ ಮಗುವಿನ ಹಾಗೆ ಲಟಪಟ. ಆಗ ಏನು ಮಾಡಬೇಕು? ಮೂಳೆಯನ್ನೇ ಕಿತ್ತು ಹೊಸದು ಅಂಟಿಸಬೇಕು. ಕೀಳುವುದು ಸುಲಭ, ಒಂದು ಹನಿ ಗೋಂದಿನ ಮೇಲೆ ನಿಂತಿದೆ, ಮರದ ತುಂಡಿಟ್ಟು ಒಂದು ಏಟು ಕೊಟ್ಟರೆ ಬರುತ್ತದೆ. ನಿನಗೆ ಇಷ್ಟು ವಿವರವಾಗಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಗೊತ್ತಿರಲಿಲ್ಲ ಎಂದು ನೀನು ಆಮೇಲೆ ಹೇಳಬಾರದು.

ಆ ಮೂಳೆ ಅಪ್ಪ ಕೊರೆದದ್ದು. ಬೆಳಕಿಲ್ಲದ, ಬಸ್ಸಿಲ್ಲದ, ಏನೂ ಇಲ್ಲದ ಆ ಬೇಸಿಗೆಯಲ್ಲಿ ಇಡೀ ಕಟ್ಟಡಕ್ಕೆ ಒಂದು ದನದ ಕಾಲು ಸಿಕ್ಕಿತ್ತಲ್ಲ, ಎಲ್ಲರೂ ಸೂಪು ಕುಡಿದರು, ಅಪ್ಪ ಮೂಳೆ ಇಟ್ಟುಕೊಂಡರು. ಸೊರಾಯ್ದಾ ಇವತ್ತಿಗೂ ಹಂಗಿಸುತ್ತಾಳೆ: "ನಿಮ್ಮಪ್ಪ ಎರಡನೇ ಸಲ ಕುದಿಸೋಕೆ ಬಿಡಲಿಲ್ಲ ಕಣೇ ಆ ಮೂಳೆನ." ಅಪ್ಪ ಹೋದರು. ಮೂಳೆ ಉಳಿಯಿತು. ಅದನ್ನು ಮುಟ್ಟಬೇಡ.

ಇಲ್ಲಿಯ ವಿಷಯ. ಮಗು ಮಲಗಿದ ಮೇಲೆ ನಾನು ಹಲಗೆ ನುಡಿಸುತ್ತೇನೆ. ನಗಬೇಡ. ಮಂಚದ ಹಲಗೆಯೊಂದಕ್ಕೆ ಮೊಳೆ ಹೊಡೆದು ಹಳೆಯ ಐದು ತಂತಿ ಬಿಗಿದಿದ್ದೇನೆ. ಸದ್ದು ಬರುವುದಿಲ್ಲ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಬೆರಳ ತುದಿ ಮೆತ್ತಗಾದರೆ ಸೆಪ್ಟೆಂಬರಿನಲ್ಲಿ ಮೊದಲ ವಾರವೇ ರಕ್ತ ಬರುತ್ತದೆ. ಅಮ್ಮನಿಗೆ ಇದನ್ನು ಕಂಡರೆ ಉರಿ. "ಆ ಒರಟು ಕೈಲಿ ಮಗೂನ ಉಜ್ಜಬೇಡ, ಮೈಯೆಲ್ಲ ಗೀರು. ತಾಯಿ ಕೈಯೋ, ಬಡಗಿ ಕೈಯೋ?" ಎನ್ನುತ್ತಾಳೆ. ಹೋದ ವಾರ ತಂತಿ ಕುದಿಸಿದ ಪಾತ್ರೆಯಲ್ಲೇ, ಗೊತ್ತಿಲ್ಲದೆ, ಹಾಲು ಕಾಯಿಸಿದಳು. ಹಾಲು ಒಡೆಯಿತು. ಮಗುವಿನ ಪಾಲಿನ ಹಾಲು. ಸಂಜೆ ಅಮ್ಮ ಒಂದೇ ಮಾತು ಕೇಳಿದಳು: "ಒದಾಲಿಸ್ ನಿನ್ನನ್ನ ಕರಕೊಳ್ತಾಳೆ ಅಂತ ನೀನು ನಂಬಿದ್ದೀಯಾ?"

ನಂಬಿದ್ದೇನೆ ಎಂದೆ. ಕರೆಸಿಕೊಳ್ಳುತ್ತೇನೆ ಎಂದು ಬರೆದು ಕಳಿಸು, ಅಮ್ಮನಿಗೆ ತೋರಿಸುತ್ತೇನೆ.

ಇದಾನಿಯಾ


ಕಾನ್ಕುನ್
12 ಜುಲೈ 1998

ಇದಾನಿಯಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರಿಸಲು ಆಗಲಿಲ್ಲ. ಎರಡು ವಾರ ನನಗೆ ಗಂಟಲೇ ಇರಲಿಲ್ಲ. ಏರ್ ಕಂಡೀಷನ್ ತಂಪಿನಲ್ಲಿ ದಿನಾ ಹಾಡಿ ಹಾಡಿ ಒಂದು ಬೆಳಿಗ್ಗೆ ಎದ್ದರೆ ಧ್ವನಿ ಇಲ್ಲ. ಡಾಕ್ಟರು ಚೀಟಿಯಲ್ಲಿ ಬರೆದು ಮಾತಾಡಿ ಅಂದ. ಹಾಡುಗಾರ್ತಿ ಇಲ್ಲದ ತಂಡವನ್ನು ಮ್ಯಾನೇಜರ್ ಎಷ್ಟು ದಿನ ಇಟ್ಟುಕೊಳ್ಳುತ್ತಾನೆ ಹೇಳು. ಆ ದಿನಗಳಲ್ಲಿ ದಯಾಮಿ ನುಡಿಸುತ್ತಾ ಹಾಡಿದಳು. ತಂಡ ಉಳಿಯಿತು. ನೀನು ಐದು ಪತ್ರ ಬರೆದರೆ ಐದರಲ್ಲೂ ಗಿಟಾರು ಹೇಗಿದೆ ಎಂದು ಕೇಳುತ್ತೀಯ. ಒಂದು ಸಲ, ಒದಾಲಿಸ್, ನೀನು ಹೇಗಿದ್ದೀಯ ಎಂದು ಕೇಳು.

ಇನ್ನೊಂದು ಮಾತು, ಇಷ್ಟು ದಿನ ನುಂಗಿಕೊಂಡಿದ್ದು. ಆರು ವರ್ಷ ಈ ಅವಕಾಶಕ್ಕೆ ಕಾದಿದ್ದೆವು. ಹೋಟೆಲಿನ ಕರಾರಿನ ಕಾಗದ ಕೈಗೆ ಬಂದ ದಿನ ನೀನು ಹೊಟ್ಟೆ ಮೇಲೆ ಕೈಯಿಟ್ಟು "ನಾನು ಹೆರುತ್ತೇನೆ, ಇದರ ಅಪ್ಪ ಇದ್ದರೂ ಸರಿ ಹೋದರೂ ಸರಿ" ಅಂದೆ. ನಾನು ನಿನ್ನನ್ನು ತಬ್ಬಿಕೊಂಡೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ನಿನಗೆ ಗೊತ್ತಿಲ್ಲ. ನಿನಗಾಗಿ ಅತ್ತದ್ದೂ ಅಲ್ಲ.

ಈಗ ವಿಷಯ. ಹೋಟೆಲು ಕರಾರನ್ನು ಇನ್ನೂ ಎರಡು ವರ್ಷಕ್ಕೆ ಮುಂದುವರಿಸುತ್ತಿದೆ. ಮಕ್ಕಳಿಗೆ ಅವಕಾಶವಿಲ್ಲ, ನಡುವೆ ಊರಿಗೆ ರಜೆಯೂ ಇಲ್ಲ. ಹೆಸರುಗಳನ್ನು ಸೆಪ್ಟೆಂಬರ್ ಕೊನೆಗೆ ಹವಾನಾದ ಕಚೇರಿಯಲ್ಲಿ ಸಹಿ ಮಾಡಿ ಕೊಡಬೇಕು. ನಿನ್ನ ಹೆಸರು ಇನ್ನೂ ಪಟ್ಟಿಯಲ್ಲಿದೆ. ನಾನು ತೆಗೆದಿಲ್ಲ. ಬರುವುದಾದರೆ ಮಗುವನ್ನು ನಿನ್ನಮ್ಮನ ಬಳಿ ಬಿಟ್ಟು ಬರಬೇಕು. ನಿರ್ಧಾರ ನಿನ್ನದು.

ಒದಾಲಿಸ್


ಹವಾನಾ
2 ಆಗಸ್ಟ್ 1998

ಒದಾಲಿಸ್,

ಗಂಟಲು ಹೇಗಿದೆ? ಬಿಸಿನೀರಿಗೆ ಜೇನು, ನಿಂಬೆ ಹಾಕಿ ಕುಡಿ. ಐಸು ಮುಟ್ಟಬೇಡ. ನಾನು ಕೇಳಬೇಕಿತ್ತು, ಕೇಳಲಿಲ್ಲ. ಅಷ್ಟನ್ನು ಒಪ್ಪಿಕೊಳ್ಳುತ್ತೇನೆ.

ನಿರ್ಧಾರ ನನ್ನದು ಎಂದು ಬರೆದಿದ್ದೀಯ. "ಬಾ" ಎಂದು ಬರೆದಿಲ್ಲ. ಪತ್ರವನ್ನು ದೀಪಕ್ಕೆ ಹಿಡಿದು ನೋಡಿದೆ, ಎಲ್ಲೂ ಬರೆದಿಲ್ಲ. "ನಿನ್ನ ಹೆಸರು ತೆಗೆದಿಲ್ಲ" ಎಂದರೆ ಏನು? ಊಟಕ್ಕೆ ಕರೆಯದೆ, ಬಾಗಿಲು ಹಾಕಿಲ್ಲ ಎಂದ ಹಾಗೆ.

ಲಿಸಾಂದ್ರಾ ಈಗ ಅಂಬೆಗಾಲಿಡುತ್ತಾಳೆ. ಎರಡು ವರ್ಷ ಎಂದರೆ ಅವಳು ನನ್ನನ್ನು "ಯಾರು?" ಎಂದು ಕೇಳುವಷ್ಟು ಮಾತು ಕಲಿತಿರುತ್ತಾಳೆ.

ಒಂದೇ ಪ್ರಶ್ನೆ. ಗಿಟಾರಿನಲ್ಲಿ ದಪ್ಪ ತಂತಿ ಇದೆಯಾ, ಇಲ್ಲವಾ?

ಇದಾನಿಯಾ


ಕಾನ್ಕುನ್
18 ಸೆಪ್ಟೆಂಬರ್ 1998

ಇದಾ,

ಊರಿಗೂ ಇಲ್ಲಿಗೂ ಓಡಾಡುವ ಅವೆಲಿನೊ ಕೈಯಲ್ಲಿ ಪೊಟ್ಟಣ ಕಳಿಸುತ್ತಿದ್ದೇನೆ. ಮಗುವಿಗೆ ಹುಟ್ಟುಹಬ್ಬದ ಬೂಟು, ಹಾಲಿನ ಪುಡಿ, ಅಮ್ಮನಿಗೆ ಮೊಣಕಾಲಿನ ಮುಲಾಮು. ಇಲ್ಲಿ ತುಂಬ ಕೆಲಸ, ದಿನಕ್ಕೆರಡು ಕಾರ್ಯಕ್ರಮ, ಹೆಚ್ಚು ಬರೆಯಲಾಗುತ್ತಿಲ್ಲ. ಲಿಸಾಂದ್ರಾಗೆ ನೂರು ಮುತ್ತು.

ಒದಾಲಿಸ್


ಹವಾನಾ
24 ಸೆಪ್ಟೆಂಬರ್ 1998

ಒದಾಲಿಸ್,

ಇವತ್ತು ಸಂಜೆಯ ವಿಮಾನಕ್ಕೆ ಅವೆಲಿನೊ ವಾಪಸು ಹೊರಡುತ್ತಾನೆ. ಅವನು ಕೆಳಗೆ ಸೊರಾಯ್ದಾಳ ಮನೆಯಲ್ಲಿ ಕಾಫಿ ಕುಡಿಯುತ್ತಾ ಕಾಯುತ್ತಿದ್ದಾನೆ. "ಬೇಗ ಬರಿಯಮ್ಮಾ, ವಿಮಾನ ನಿನ್ನ ಗಂಡನಲ್ಲ, ಹೇಳಿದ ಹೊತ್ತಿಗೆ ಹೊರಟುಬಿಡತ್ತೆ" ಎಂದು ಕೂಗುತ್ತಿದ್ದಾನೆ. ನಿನ್ನ ಕಾರ್ಯಕ್ರಮ ಮುಗಿದ ಕೂಡಲೇ ಈ ಪತ್ರ ನಿನ್ನ ಕೈಗೇ ಕೊಡುತ್ತೇನೆ ಎಂದು ಮಗನ ಮೇಲೆ ಆಣೆ ಮಾಡಿದ್ದಾನೆ.

ನಿನ್ನೆ ಮಗುವಿಗೆ ವರ್ಷ ತುಂಬಿತು. ಅಮ್ಮ ಎಲ್ಲಿಂದಲೋ ಮೊಟ್ಟೆ ತಂದು ಕೇಕು ಮಾಡಿದ್ದಳು. ಎಲ್ಲರ ಎದುರು ಬೂಟು ಹಾಕಿಸಲು ಕೂತೆ. ಎಡಗಾಲಿನದು ಸರಿಯಾಗಿ ಹೋಯಿತು. ಬಲಗಾಲಿನದು ಹೋಗಲಿಲ್ಲ, ಮಗು ಅತ್ತಳು. ಬೆರಳಿಗೆ ಏನೋ ಒತ್ತುತ್ತಿತ್ತು. ಕೈ ಹಾಕಿ ತೆಗೆದೆ. ಹೋಟೆಲಿನ ಕೈ ಒರೆಸುವ ಕಾಗದದಲ್ಲಿ ಸುತ್ತಿದ ಅಪ್ಪನ ಮೂಳೆ.

ಬಿಡಿಸುವ ಮೊದಲೇ ನನಗೆ ಗೊತ್ತಾಯಿತು. ಐದು ಕಚ್ಚುಗಳು, ಕೊನೆಯದು ನನ್ನ ಕಿರುಬೆರಳ ಉಗುರು ಕೂರುವಷ್ಟು ಅಗಲ. ತಳದಲ್ಲಿ ಒಣಗಿದ ಗೋಂದು. ಯಾರೋ ಜೋಪಾನವಾಗಿ ತೆಗೆದಿದ್ದಾರೆ, ಒಂದು ಚೂರೂ ಮುಕ್ಕಾಗಿಲ್ಲ. ಅಮ್ಮ ನೋಡಿದಳು. ಒಂದು ಮಾತಾದರೂ ಹಂಗಿಸಿದ್ದರೆ ಚೆನ್ನಾಗಿತ್ತು. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೋಗಿ ಇನ್ನೊಂದು ಕಾಲಿಗೆ ಬೂಟು ಹಾಕಿದಳು.

ಈಗ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ದಪ್ಪ ತಂತಿ ಇಲ್ಲ. ಅದು ಕೂರುವ ಜಾಗವೂ ಇಲ್ಲ. ಅಲ್ಲಿ ಯಾವುದೋ ಪ್ಲಾಸ್ಟಿಕ್ ಪಟ್ಟಿ ಇದೆ, ತೆಳ್ಳನೆಯವು ಕೂತಿವೆ, ಚಮಚಗಳು ಅಲುಗುವುದಿಲ್ಲ, ಅಜ್ಜಿಯರ ಎದೆ ಸುರಕ್ಷಿತ. ಅದಕ್ಕೆ ಅಳಲಾರೆ. ಒಂದು ಹನಿ ಗೋಂದು ಸಾಕು, ಮತ್ತೆ ಅಂಟಿಸಬಹುದು, ನಾನೇ ನಿನಗೆ ಹೇಳಿಕೊಟ್ಟದ್ದು.

ನಿದ್ದೆ ಕೆಡಿಸಿರುವುದು ಬೇರೆ. ಬೂಟಿನೊಳಗೆ ಇದನ್ನು ಇಟ್ಟವರು ಯಾರು? ರಾತ್ರಿಯೆಲ್ಲ ಕೂತು ಇದನ್ನೇ ಯೋಚಿಸಿದೆ. ದಯಾಮಿ ಇಟ್ಟಿದ್ದರೆ ನನಗೆ ಅರ್ಥವಾಗುತ್ತದೆ. ಇದು ಆ ಅಕ್ಕನದು, ಕಸಕ್ಕೆ ಹೋಗಬಾರದು ಎಂದು, ನಿನಗೆ ತಿಳಿಯದ ಹಾಗೆ ತುರುಕಿರಬೇಕು. ಹಾಗಿದ್ದರೆ ನೀನು ಇನ್ನೂ ಏನನ್ನೂ ನಿರ್ಧರಿಸಿಲ್ಲ. ಇಟ್ಟವಳು ನೀನಾದರೆ, ಇದು ನೀನು ಬರೆಯಲಾಗದೆ ಬಿಟ್ಟ ಪತ್ರ. "ಬರಬೇಡ" ಎಂದು ಬರೆಯುವ ಬದಲು ನನ್ನ ಮಗಳ ಬೂಟಿನಲ್ಲಿಟ್ಟು ಕಳಿಸಿದ್ದೀಯ. ನಾನು ಅದನ್ನು ಎದೆಗೆ ಒತ್ತಿಕೊಂಡು ಹುಟ್ಟುಹಬ್ಬದ ಹಾಡು ಹಾಡಲಿ ಎಂದು.

ನಾಳೆ ಬೆಳಿಗ್ಗೆ ಕಚೇರಿಯಲ್ಲಿ ಸಹಿ. ಹೋಗುತ್ತೇನೆ ಎಂದು ಬರೆದರೆ ಎರಡು ವರ್ಷ ಲಿಸಾಂದ್ರಾ ಅಮ್ಮನ ಮಗಳು. ಹೋಗುವುದಿಲ್ಲ ಎಂದು ಬರೆದರೆ ನನ್ನ ಜಾಗ ದಯಾಮಿಯದು, ಗಿಟಾರೂ ಅವಳದೇ ಎಂದುಕೋ, ಇನ್ನು ಎಂದೂ ಯಾರೂ ನನ್ನನ್ನು ಕರೆಯುವುದಿಲ್ಲ. ಮಂಗಳವಾರ ಮಗು ಎದ್ದು ಎರಡು ಹೆಜ್ಜೆ ನಡೆದಳು. ನೇರ ಹಲಗೆಯ ಬಳಿಗೇ ಹೋಗಿ ದಪ್ಪ ತಂತಿಗೆ ಕೈ ಹಾಕಿದಳು. ಸದ್ದು ಬರಲಿಲ್ಲ. ನನ್ನ ಕಡೆ ತಿರುಗಿ, ಯಾಕೆ ಬರಲಿಲ್ಲ ಎನ್ನುವಂತೆ ನೋಡಿದಳು. ಇವಳನ್ನು ಬಿಟ್ಟು ಬರುವ ಮಾತು ನಾನು ಆಡುತ್ತಿದ್ದೇನೆ ಎಂದು ನಿನಗೆ ತಿಳಿದಿರಲಿ. ಮಗಳನ್ನು ಬಿಟ್ಟು ಬರುವಷ್ಟು ಕೆಟ್ಟವಳಾಗಲು ನಾನು ತಯಾರಿದ್ದೇನೆ. ಯಾರೂ ಕರೆಯದ ಕಡೆಗೆ ಅವಳನ್ನು ಬಿಟ್ಟು ಬರುವಷ್ಟು ಹುಚ್ಚಿ ಆಗಲಾರೆ.

ಸೊರಾಯ್ದಾಳಿಗೆ ಹೇಳಿದ್ದೇನೆ, ಇವತ್ತು ರಾತ್ರಿ ಫೋನು ಬಂದರೆ ಬೈಯದೆ ಎತ್ತಬೇಕು ಎಂದು. "ಬೈತೀನಿ, ಆದರೆ ಎತ್ತುತೀನಿ" ಎಂದಳು. ಮೋಟರು ಹಾಕಬೇಡ, ಸದ್ದಿನಲ್ಲಿ ಗಂಟೆ ಕೇಳಿಸುವುದಿಲ್ಲ ಎಂದೂ ಹೇಳಿದ್ದೇನೆ. ನಾಳೆ ಇಡೀ ಕಟ್ಟಡಕ್ಕೆ ನೀರಿರುವುದಿಲ್ಲ, ಎಲ್ಲರೂ ನನ್ನನ್ನು ಶಪಿಸುತ್ತಾರೆ, ಶಪಿಸಲಿ. ನಾನು ಮೆಟ್ಟಿಲ ಮೇಲೆ, ಅವಳ ಬಾಗಿಲಿಗೆ ಒರಗಿ ಕೂತಿರುತ್ತೇನೆ. ಹೆಚ್ಚು ಮಾತು ಬೇಡ. ಗಂಟಲು ಕಟ್ಟಿದ್ದರೆ ಪಿಸುಗುಟ್ಟು, ಸಾಕು. ಇಟ್ಟವಳು ನೀನೋ ಅವಳೋ, ಅಷ್ಟನ್ನು ಹೇಳು, ಉಳಿದದ್ದು ನಿನ್ನ ಉಸಿರಲ್ಲೇ ನನಗೆ ಗೊತ್ತಾಗುತ್ತದೆ. ಇನ್ನೊಂದು ಪತ್ರ ಬರೆಯಬೇಡ. ಇನ್ನೊಂದು ಪೊಟ್ಟಣ ಕಳಿಸಬೇಡ. ಫೋನು ಮಾಡು ಒದಾಲಿಸ್, ದಮ್ಮಯ್ಯ ಅನ್ನುತ್ತೇನೆ, ಬೆಳಗಾಗುವುದರೊಳಗೆ ಫೋನು ಮಾಡು.

ಇದಾನಿಯಾ